ಹಳದಿ ತಂಡದ ಸೋಲಿಗೆ ಕೊನೆ ಎಂದು?

"ನಮ್ಮ ಟೀಮಿಗೆ ಎಂತ ಆಗಿದೆ ಮಾರಾಯ್ರೇ?" ಕೇರಳ ಬ್ಲಾಸ್ಟರ್ಸ್ ಸೋತ ಮರುದಿನ ಬೆಳಿಗ್ಗೆ ಮಂಜೇಶ್ವರದಿಂದ ಹೊಸದುರ್ಗದ ತನಕ ಹೋಟೆಲು, ಬಸ್‌ಸ್ಟ್ಯಾಂಡು, ಕ್ಷೌರದಂಗಡಿಗಳಲ್ಲಿ ಈ ಪ್ರಶ್ನೆ ಕೇಳಿಬರುವುದು ಕೆಲವು ವರ್ಷಗಳಿಂದ ರೂಢಿಯೇ ಆಗಿಬಿಟ್ಟಿದೆ. ಕೇಳುವವರಲ್ಲಿ ಮಲಯಾಳಿಗರು ಇದ್ದಾರೆ, ತುಳುವರು ಇದ್ದಾರೆ, ಮನೆಯಲ್ಲಿ ಕನ್ನಡ ಮಾತಾಡುವ ಹುಡುಗರೂ ಇದ್ದಾರೆ. ಒಂದು ಫುಟ್ಬಾಲ್ ತಂಡದ ಸೋಲು ಗೆಲುವು ಸಂಪಾದಕೀಯ ಬರೆಯುವಷ್ಟು ದೊಡ್ಡ ಸಂಗತಿಯೇ ಎಂದು ಹಿರಿಯರು ಕೇಳಬಹುದು. ಮನೆಯ ಮಗ ರಾತ್ರಿ ಊಟ ಬಿಟ್ಟು ಮಲಗುವಂತೆ ಮಾಡುವ ಸಂಗತಿಯನ್ನು ಸಣ್ಣದು ಅಂತ ತಳ್ಳಿಹಾಕುವುದು ಹೇಗೆ? ಅವನ ಚಿಂತೆಗೆ ಕಾರಣ ಉಂಟೋ ಇಲ್ಲವೋ ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಕಾಸರಗೋಡಿಗೆ ಫುಟ್ಬಾಲ್ ಹೊಸದಲ್ಲ. ಮಳೆಗಾಲ ಮುಗಿದು ಗದ್ದೆ ಕೊಯ್ಲು ಆದ ಮೇಲೆ ಮಲಬಾರಿನ ಉದ್ದಗಲಕ್ಕೂ ನಡೆಯುವ ಸೆವೆನ್ಸ್ ಪಂದ್ಯಾಟಗಳು ಐಎಸ್‌ಎಲ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನವು. ಜಿಲ್ಲೆಯ ದಕ್ಷಿಣ ತುದಿಯ ತೃಕ್ಕರಿಪುರ ಅಂತೂ ಫುಟ್ಬಾಲಿನ ತವರು. ಅಲ್ಲಿನ ಮೊಹಮ್ಮದ್ ರಾಫಿ ಭಾರತ ತಂಡಕ್ಕೆ ಆಡಿದವರು. 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ನಡೆದ ಐಎಸ್‌ಎಲ್ ಫೈನಲಿನಲ್ಲಿ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಹೊಡೆದು ಗೋಲು ಗಳಿಸಿದ್ದೂ ಅವರೇ. ನಮ್ಮ ಜಿಲ್ಲೆಯ ಒಬ್ಬ ಆಟಗಾರ ಫೈನಲಿನಲ್ಲಿ ಗೋಲು ಹೊಡೆದ ಮೇಲೆ ಆ ತಂಡ "ಕೊಚ್ಚಿಯವರದ್ದು" ಎಂದು ದೂರ ನಿಲ್ಲುವುದು ಯಾರಿಗೆ ಸಾಧ್ಯ?

ಇಲ್ಲಿನ ಕನ್ನಡ ಮನೆಗಳಲ್ಲಿ ಇನ್ನೊಂದು ವಿಚಿತ್ರವೂ ಉಂಟು. ಊರಲ್ಲಿ ಉಳಿದ ತಮ್ಮ ಹಳದಿ ಅಂಗಿ ಹಾಕಿದರೆ, ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಅಣ್ಣ ನೀಲಿ ಅಂಗಿ ಹಾಕುತ್ತಾನೆ. ಬೆಂಗಳೂರು ಎಫ್‌ಸಿ ಮತ್ತು ಬ್ಲಾಸ್ಟರ್ಸ್ ಆಡುವ ದಿನ ಅಣ್ಣತಮ್ಮಂದಿರ ನಡುವೆ ಫೋನಿನಲ್ಲೇ ಯುದ್ಧ. ಅಮ್ಮನಿಗೆ ಇದೆಲ್ಲ ನಗೆಯ ವಿಷಯ. ಇದರಲ್ಲಿ ಭಾಷೆಯ ಪ್ರಶ್ನೆ ತರುವುದು ಬೇಡ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಮೈದಾನದಲ್ಲಿ ಹಳದಿ ಅಂಗಿ ಎಂದು ಬದುಕುವ ಹುಡುಗ ಯಾರಿಗೂ ದ್ರೋಹ ಮಾಡಿದವನಲ್ಲ. ಗಡಿಯಲ್ಲಿ ಬದುಕುವವರಿಗೆ ಎರಡು ಕಡೆಯೂ ನೆಂಟರಿರುತ್ತಾರೆ, ಅಷ್ಟೆ.

ಇನ್ನು ಲೆಕ್ಕಕ್ಕೆ ಬರೋಣ. ಬ್ಲಾಸ್ಟರ್ಸ್ ಶುರುವಾದದ್ದು 2014ರಲ್ಲಿ. ಅಲ್ಲಿಂದ 2025ರ ವರೆಗಿನ 11 ಸೀಸನ್‌ಗಳಲ್ಲಿ ಮೂರು ಬಾರಿ ಫೈನಲ್ ತಲುಪಿದ ಈ ತಂಡ ಒಮ್ಮೆಯೂ ಕಪ್ ಎತ್ತಲಿಲ್ಲ. 2014ರಲ್ಲಿ ಮುಂಬೈಯಲ್ಲಿ ಆಟ ಮುಗಿಯಲು ಕ್ಷಣಗಳಿರುವಾಗ ಕೋಲ್ಕತ್ತಾ ತಂಡ ಹೊಡೆದ ಒಂದೇ ಗೋಲಿನಿಂದ ಸೋತರು. 2016ರಲ್ಲಿ ಸ್ವಂತ ಮೈದಾನದಲ್ಲೇ ಅದೇ ಕೋಲ್ಕತ್ತಾದ ಎದುರು ಪೆನಾಲ್ಟಿ ಶೂಟೌಟಿನಲ್ಲಿ ಸೋತರು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಹೈದರಾಬಾದ್ ವಿರುದ್ಧ ಮುನ್ನಡೆಯಲ್ಲಿದ್ದು, 88ನೇ ನಿಮಿಷದಲ್ಲಿ ಸಮಬಲದ ಗೋಲು ಬಿಟ್ಟುಕೊಟ್ಟು, ಮತ್ತೆ ಪೆನಾಲ್ಟಿಯಲ್ಲೇ ಸೋತರು. ಅಂದು ಮೂರು ಪೆನಾಲ್ಟಿ ತಡೆದ ಗೋಲ್‌ಕೀಪರ್ ಗೋವಾದ ಲಕ್ಷ್ಮೀಕಾಂತ ಕಟ್ಟಿಮನಿ. ಹೆಸರು ಕೇಳಿದರೆ ನಮ್ಮ ಕಡೆಯವರೇ ಅನ್ನಿಸುತ್ತದೆ. ಮನಸ್ಸಿಗೆ ನೋವಾದರೂ ಅವರ ಆಟಕ್ಕೆ ತಲೆಬಾಗಲೇಬೇಕು.

ಆ ಫೈನಲ್ ನೋಡಲು ಕೇರಳದ ಮೂಲೆಮೂಲೆಯಿಂದ ಜನ ಗೋವಾಕ್ಕೆ ಹೊರಟಾಗ ಅವರಲ್ಲಿ ಹೆಚ್ಚಿನವರು ದಾಟಿದ್ದು ನಮ್ಮ ಊರುಗಳನ್ನೇ. ಬೈಕಿನಲ್ಲಿ ಹೊರಟಿದ್ದ ಮಲಪ್ಪುರಂ ಕಡೆಯ ಇಬ್ಬರು ಯುವಕರು ನಮ್ಮ ಉದುಮದಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಅವರು ಹೋಗುತ್ತಿದ್ದದ್ದು ಒಂದು ಆಟ ನೋಡಲಿಕ್ಕೆ. ಅಭಿಮಾನಿಯ ನಂಬಿಕೆ ಎಷ್ಟು ದೂರ ಹೋಗುತ್ತದೆ ಎಂದು ಕ್ಲಬ್ಬಿನ ಕಚೇರಿಯಲ್ಲಿ ಕುಳಿತವರಿಗೆ ತಿಳಿಯಬೇಕಾದರೆ ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಫೈನಲಿನಲ್ಲಿ ಸೋಲುವುದು ಅವಮಾನವೇನಲ್ಲ. ಚಿಂತೆ ಹುಟ್ಟಿದ್ದು ಅದಾದ ಮೇಲಿನ ಇಳಿಜಾರಿನಿಂದ. 2023-24ರ ಸೀಸನ್ ನೋಡಿ. ಮೊದಲ 12 ಪಂದ್ಯಗಳಲ್ಲಿ 8 ಗೆದ್ದು, 26 ಅಂಕ ಗಳಿಸಿ, ವರ್ಷದ ಕೊನೆಗೆ ಅಂಕಪಟ್ಟಿಯ ತುದಿಯಲ್ಲಿ ನಿಂತಿದ್ದ ತಂಡ ಅದು. ಈ ಬಾರಿ ಕಪ್ ನಮ್ಮದೇ ಎಂದು ಹೇಳಿಕೊಂಡು ತಿರುಗಾಡಿದವರು ಎಷ್ಟು ಮಂದಿ! ಜನವರಿಯ ವಿರಾಮ ಮುಗಿಸಿ ಬಂದ ಮೇಲಿನ 10 ಪಂದ್ಯಗಳಲ್ಲಿ ಸಿಕ್ಕಿದ್ದು ಬರೀ 7 ಅಂಕ. ಐದನೇ ಸ್ಥಾನಕ್ಕೆ ಇಳಿದು, ಪ್ಲೇಆಫಿನಲ್ಲಿ ಒಡಿಶಾ ಎದುರು ಹೆಚ್ಚುವರಿ ಅವಧಿಯಲ್ಲಿ ಸೋತು ಮನೆಗೆ ಬಂದರು. ನಾಯಕ ಆಡ್ರಿಯಾನ್ ಲೂನಾ ಡಿಸೆಂಬರಿನಲ್ಲೇ ಗಾಯಗೊಂಡಿದ್ದರು, ಬೇರೆಯವರಿಗೂ ಪೆಟ್ಟಾಗಿತ್ತು ಎಂಬುದು ನಿಜ. ಒಬ್ಬನ ಕಾಲಿಗೆ ಪೆಟ್ಟಾದರೆ ಇಡೀ ತಂಡವೇ ಕುಂಟುವುದಾದರೆ, ಬದಲಿಯವರನ್ನು ಸಜ್ಜು ಮಾಡಿರಲಿಲ್ಲ ಎಂದೇ ಅರ್ಥ.

ಮರುವರ್ಷ ಇನ್ನೂ ಕಷ್ಟ. 2024-25ರಲ್ಲಿ ಮೊದಲ 12 ಪಂದ್ಯಗಳಲ್ಲಿ 3 ಗೆಲುವು, 7 ಸೋಲು, 11 ಅಂಕ. ಡಿಸೆಂಬರ್ 7ರಂದು ಬೆಂಗಳೂರಿನ ಕಂಠೀರವದಲ್ಲಿ 40 ದಾಟಿದ ಸುನಿಲ್ ಛೆಟ್ರಿ ಒಬ್ಬರೇ ಮೂರು ಗೋಲು ಹೊಡೆದರು. ಬ್ಲಾಸ್ಟರ್ಸ್ 4-2ರಿಂದ ಸೋತಿತು. ಆ ದಿನ ನಮ್ಮ ಎಷ್ಟು ಮನೆಗಳಲ್ಲಿ ಅಣ್ಣನ ಫೋನನ್ನು ತಮ್ಮ ಎತ್ತಲಿಲ್ಲವೋ! ಸೀಸನ್ ಮುಗಿಯುವಾಗ 24 ಪಂದ್ಯಗಳಲ್ಲಿ 8 ಗೆಲುವು, 11 ಸೋಲು, 29 ಅಂಕ, ಎಂಟನೇ ಸ್ಥಾನ. ಮೂರು ವರ್ಷ ಸತತವಾಗಿ ಪ್ಲೇಆಫ್ ಆಡಿದ್ದ ತಂಡಕ್ಕೆ ಆ ಬಾಗಿಲೂ ಮುಚ್ಚಿತು.

ಕಾಯಿಲೆ ಎಲ್ಲಿ ಉಂಟು ಎಂಬುದಕ್ಕೆ ಗೋಲುಗಳ ಲೆಕ್ಕವೇ ಸಾಕ್ಷಿ. ಆ ಸೀಸನಿನಲ್ಲಿ ಬ್ಲಾಸ್ಟರ್ಸ್ ಹೊಡೆದ ಗೋಲು 33. ಇದೇನೂ ತೀರಾ ಕಡಿಮೆಯಲ್ಲ. ಬಿಟ್ಟುಕೊಟ್ಟ ಗೋಲು 37. ಅದೇ ವರ್ಷ ಲೀಗ್ ಗೆದ್ದ ಮೋಹನ್ ಬಗಾನ್ 24 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 16 ಮಾತ್ರ. ಮುಂದಿನ ಸಾಲಿನವರು ದುಡಿದು ತಂದದ್ದೆಲ್ಲ ಹಿಂದಿನ ಸಾಲಿನಲ್ಲಿ ಸೋರಿಹೋಗಿದೆ. ಮಾಡು ಸೋರುವಾಗ ಜಗಲಿಗೆ ಬಣ್ಣ ಹೊಡೆದರೆ ಪ್ರಯೋಜನ ಎಂತದು?

ಆಡಳಿತದವರು ಅಂದು ಹುಡುಕಿದ ಮದ್ದು ಹಳೆಯದೇ. 2024ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಕೋಚ್ ಮಿಕೇಲ್ ಸ್ಟಾರೆ ಅವರನ್ನು ಮನೆಗೆ ಕಳಿಸಿದರು. ಈ ಮದ್ದನ್ನು ಕ್ಲಬ್ ಎಷ್ಟು ಸಲ ಕುಡಿದಿದೆ ಎಂದು ಎಣಿಸಿ ನೋಡಿ. 2015ರಲ್ಲಿ ಪೀಟರ್ ಟೇಲರ್ ಅರ್ಧದಲ್ಲೇ ಹೋದರು. 2018ರ ಜನವರಿಯಲ್ಲಿ ರೆನೆ ಮ್ಯೂಲೆನ್‌ಸ್ಟೀನ್ ಹೋದರು. ಅದೇ ವರ್ಷ ಡಿಸೆಂಬರಿನಲ್ಲಿ ಡೇವಿಡ್ ಜೇಮ್ಸ್ ಹೋದರು. 2021ರ ಫೆಬ್ರವರಿಯಲ್ಲಿ ಕಿಬು ವಿಕುನಾ ಹೋದರು. ಆಮೇಲೆ ಸ್ಟಾರೆ. ಒಟ್ಟು 11 ಸೀಸನ್‌ಗಳ ಪೈಕಿ 5ರಲ್ಲಿ, ಆರಂಭಿಸಿದ ಕೋಚ್ ಮುಗಿಸುವ ವರೆಗೆ ಉಳಿಯಲಿಲ್ಲ. ಹೊಸ ಕೋಚ್ ಬಂದರೆ ಹೊಸ ಆಟದ ಕ್ರಮ, ಹೊಸ ವಿದೇಶಿ ಆಟಗಾರರು, ಹೊಸ ಭರವಸೆ. ಪ್ರತಿ ಸಲವೂ ಅಡಿಪಾಯದಿಂದ ಶುರು. ಹೀಗೆ ಕಟ್ಟಿದ ಮನೆಗೆ ಮಾಡು ಹಾಕುವುದು ಯಾವಾಗ?

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಇದೇ ಕ್ಲಬ್ ನಮಗೆ ಕೊಟ್ಟಿದೆ. 2020-21ರಲ್ಲಿ 20 ಪಂದ್ಯಗಳಲ್ಲಿ ಬರೀ 3 ಗೆದ್ದು 11 ತಂಡಗಳಲ್ಲಿ 10ನೇ ಸ್ಥಾನದಲ್ಲಿತ್ತು ಬ್ಲಾಸ್ಟರ್ಸ್. ಮುಂದಿನ ಸೀಸನಿಗೆ ಸೆರ್ಬಿಯಾದ ಇವಾನ್ ವುಕೊಮನೊವಿಚ್ ಬಂದರು. ಅವರದ್ದೂ ಆರಂಭ ಒಳ್ಳೆಯದಿರಲಿಲ್ಲ. ಮೊದಲ ಪಂದ್ಯದಲ್ಲಿ 4-2ರ ಸೋಲು, ಆಮೇಲೆ ಎರಡು ಡ್ರಾ. ಅಷ್ಟರಲ್ಲೇ ಗಡಿಬಿಡಿ ಮಾಡಿದ್ದರೆ ಅವರೂ ವಿಮಾನ ಹತ್ತಬೇಕಿತ್ತು. ಕಾದರು. ತಂಡ ಸತತ 10 ಪಂದ್ಯ ಸೋಲದೆ ಆಡಿತು, ಫೈನಲ್ ತಲುಪಿತು. ಮೂರು ಸೀಸನ್ ಅವರೇ ಇದ್ದರು, ಮೂರು ಸೀಸನ್ನೂ ಪ್ಲೇಆಫ್. ಕ್ಲಬ್ಬಿನ ಚರಿತ್ರೆಯಲ್ಲಿ ಇಷ್ಟು ಸ್ಥಿರವಾದ ಕಾಲ ಅದಕ್ಕೆ ಮೊದಲು ಇರಲಿಲ್ಲ. 2024ರ ಏಪ್ರಿಲಿನಲ್ಲಿ ಅವರನ್ನೂ ಬೀಳ್ಕೊಟ್ಟರು. ಎಂಟು ತಿಂಗಳೊಳಗೆ ಅವರ ಜಾಗಕ್ಕೆ ಬಂದವರನ್ನೂ ಕಳಿಸಿಯಾಗಿತ್ತು.

ಕೋಚ್‌ಗಳ ತಪ್ಪೇ ಇಲ್ಲ ಎಂದು ನಾವು ಹೇಳುವುದಿಲ್ಲ. ಇವಾನ್ ಅವರ ಕಾಲದಲ್ಲೇ 2023ರ ಮಾರ್ಚ್ 3ರಂದು ಕಂಠೀರವದ ಪ್ಲೇಆಫಿನಲ್ಲಿ ಛೆಟ್ರಿ ಚುರುಕಾಗಿ ಹೊಡೆದ ಫ್ರೀಕಿಕ್ಕನ್ನು ರೆಫರಿ ಗೋಲು ಎಂದು ಒಪ್ಪಿದಾಗ ತಂಡ ಮೈದಾನ ಬಿಟ್ಟು ಹೊರನಡೆಯಿತು. ರೆಫರಿಯ ತೀರ್ಪಿನ ಬಗ್ಗೆ ಇವತ್ತಿಗೂ ಎರಡು ಮಾತು ಉಂಟು. ಆಟ ಅರ್ಧದಲ್ಲಿ ಬಿಡುವುದರ ಬಗ್ಗೆ ಎರಡು ಮಾತು ಇರಬಾರದು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯಗಳ ನಿಷೇಧ ಬಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದದ್ದು ಇಂಥದ್ದಕ್ಕೇ.

ಎರಡನೇ ಚಿಂತೆ ಮನೆಯಲ್ಲೇ ಬೆಳೆದ ಹುಡುಗರನ್ನು ಕುರಿತದ್ದು. ಸಹಲ್ ಅಬ್ದುಲ್ ಸಮದ್ ಹಳದಿ ಅಂಗಿಯಲ್ಲೇ ಹೆಸರಾದವರು. 2023ರಲ್ಲಿ ಮೋಹನ್ ಬಗಾನಿಗೆ ಹೋದರು. 2024ರಲ್ಲಿ ಜೀಕ್ಸನ್ ಸಿಂಗ್ ಈಸ್ಟ್ ಬೆಂಗಾಲಿಗೆ ಹೋದರು. ಅದೇ ಬೇಸಿಗೆಯಲ್ಲಿ, ಹಿಂದಿನ ಸೀಸನಿನಲ್ಲಿ 13 ಗೋಲು ಹೊಡೆದು ಲೀಗಿನ ಗೋಲ್ಡನ್ ಬೂಟ್ ಪಡೆದಿದ್ದ ಗ್ರೀಸಿನ ಡಿಯಮಂಟಕೋಸ್ ಕೂಡ ಅದೇ ಕ್ಲಬ್ಬಿಗೆ ನಡೆದರು. 2022ರ ಫೈನಲಿನಲ್ಲಿ ಗೋಲು ಹೊಡೆದಿದ್ದ ತೃಶ್ಶೂರಿನ ಕೆ. ಪಿ. ರಾಹುಲ್ 2025ರ ಜನವರಿಯಲ್ಲಿ ಒಡಿಶಾ ಸೇರಿದರು. ಕ್ಲಬ್ ನಡೆಸುವುದಕ್ಕೆ ದುಡ್ಡು ಬೇಕು, ಆಟಗಾರನಿಗೂ ತನ್ನ ಭವಿಷ್ಯ ನೋಡಿಕೊಳ್ಳುವ ಹಕ್ಕು ಉಂಟು. ಇದನ್ನು ಒಪ್ಪೋಣ. ತೆಂಗಿನಕಾಯಿ ಮಾರದೆ ತೋಟ ನಡೆಯುವುದಿಲ್ಲ. ಕಾಯಿ ಮಾರಿದ ದುಡ್ಡಿನಲ್ಲಿ ಹೊಸ ಸಸಿ ನೆಟ್ಟಿರಾ ಎಂಬುದು ಅಭಿಮಾನಿಯ ಪ್ರಶ್ನೆ. ಬಂದ ದುಡ್ಡು ಯಾವ ರಕ್ಷಣೆ ಆಟಗಾರನ ಮೇಲೆ, ಯಾವ ಅಕಾಡೆಮಿಯ ಮೇಲೆ ಹೋಯಿತು ಎಂದು ತಿಳಿಸಿದರೆ ಟಿಕೆಟ್ ಕೊಳ್ಳುವವನಿಗೆ ಸಮಾಧಾನವಾಗುತ್ತದೆ.

ಅಭಿಮಾನಿಗಳ ಸಂಘ "ಮಂಜಪ್ಪಡ" 2024ರ ಡಿಸೆಂಬರಿನಲ್ಲಿ ಆಡಳಿತದ ವಿರುದ್ಧ ಬಹಿರಂಗವಾಗಿ ಪ್ರತಿಭಟನೆಗೆ ಇಳಿದದ್ದು ಇದೇ ಕಾರಣಕ್ಕೆ. ಇದನ್ನು ಕೆಲವರು ತಂಡದ್ರೋಹ ಎಂದರು. ನಾವು ಹಾಗೆ ಹೇಳಲಾರೆವು. 2015ರಲ್ಲಿ ತಂಡ ಎಂಟರಲ್ಲಿ ಎಂಟನೆಯದಾಗಿ, ಅಂದರೆ ಕಟ್ಟಕಡೆಗೆ ನಿಂತಿತ್ತು. ಆ ವರ್ಷವೂ ಕಲೂರಿನ ಜವಾಹರಲಾಲ್ ನೆಹರೂ ಸ್ಟೇಡಿಯಮ್ಮಿಗೆ ಸರಾಸರಿ 50 ಸಾವಿರದಷ್ಟು ಜನ ಬಂದಿದ್ದರು. ಕಡೆಯ ಸ್ಥಾನದಲ್ಲಿದ್ದಾಗಲೂ ಕೈಬಿಡದ ಜನ ಈಗ ಬೆನ್ನು ತಿರುಗಿಸುತ್ತಾರೆ ಎಂದಾದರೆ ಬರೀ ಸೋಲು ಅದಕ್ಕೆ ಕಾರಣವಾಗಿರಲಿಕ್ಕಿಲ್ಲ. ತಮ್ಮ ಮಾತಿಗೆ ಬೆಲೆ ಇಲ್ಲ ಎಂಬ ಬೇಸರ ಅದು. ಕಾಸರಗೋಡಿನಿಂದ ಪಂದ್ಯ ನೋಡಲು ಹೋಗುವವನ ಖರ್ಚು ಬರೀ ಟಿಕೆಟಿನದ್ದಲ್ಲ. ರೈಲಿನಲ್ಲಿ ನಿಂತುಕೊಂಡು ಕೊಚ್ಚಿ ತಲುಪಿ, ಮಧ್ಯರಾತ್ರಿ ಸ್ಟೇಷನ್ನಿನಲ್ಲಿ ಕೂತು, ಬೆಳಿಗ್ಗೆ ಊರಿಗೆ ಬಂದು ಮತ್ತೆ ಕೆಲಸಕ್ಕೆ ಹೋಗಬೇಕು. ಒಂದು ದಿನದ ಕೂಲಿಯೂ ಹೋಯಿತು. ಅವನಿಗೆ ಪ್ರಶ್ನೆ ಕೇಳುವ ಹಕ್ಕು ಇಲ್ಲದಿದ್ದರೆ ಇನ್ಯಾರಿಗೆ?

ಆದರೆ ಪ್ರಶ್ನೆ ಯಾರಿಗೆ ಕೇಳಬೇಕೋ ಅವರಿಗೇ ಕೇಳಬೇಕು. ತಪ್ಪು ಮಾಡಿದ ಎಳೆಯ ಗೋಲ್‌ಕೀಪರನ ಮೊಬೈಲಿಗೆ ನೂರಾರು ಬೈಗುಳ ಕಳಿಸುವುದು ಅಭಿಮಾನವಲ್ಲ. ಇಪ್ಪತ್ತು ವರ್ಷ ತುಂಬದ ಹುಡುಗ ಅವನು. ನಮ್ಮ ಮನೆಯ ಹುಡುಗ ಪರೀಕ್ಷೆಯಲ್ಲಿ ಫೇಲಾದರೆ ಊರೆಲ್ಲ ಬಂದು ಬಾಗಿಲಲ್ಲಿ ನಿಂತು ಬೈದರೆ ಹೇಗಿರುತ್ತದೆ? ಆಟಗಾರನ ಹೆಂಡತಿ ಮಕ್ಕಳ ಹೆಸರು ಎತ್ತುವುದು, ಎದುರು ತಂಡದವರ ಭಾಷೆ ಜಾತಿ ಹಿಡಿದು ಹೀಯಾಳಿಸುವುದು ಇನ್ನೂ ಕೀಳು. ಗಡಿನಾಡಿನ ನಮ್ಮ ಹುಡುಗರು ಈ ಚಾಳಿಗೆ ಬೀಳಬಾರದು. ಬೆಂಗಳೂರು ಗೆದ್ದರೆ ಕನ್ನಡದವ ಎಂದು ಇಲ್ಲಿ ಒಬ್ಬನನ್ನು ಚುಡಾಯಿಸುವುದು, ಬ್ಲಾಸ್ಟರ್ಸ್ ಗೆದ್ದರೆ ಅಲ್ಲಿ ಇನ್ನೊಬ್ಬನನ್ನು ಚುಡಾಯಿಸುವುದು ತಮಾಷೆಯ ಮಿತಿಯಲ್ಲಿದ್ದರೆ ಚಂದ. ಮಿತಿ ದಾಟಿದರೆ ಆಟವೂ ಕೆಟ್ಟಿತು, ನೆರೆಕರೆಯೂ ಕೆಟ್ಟಿತು.

ಇಷ್ಟೆಲ್ಲ ಹೇಳಿದ ಮೇಲೆ ಕ್ಲಬ್ಬಿನ ಕೈಯಲ್ಲಿಲ್ಲದ ಸಂಗತಿಯನ್ನೂ ಹೇಳಬೇಕು. ಲೀಗ್ ನಡೆಸುವ ಕಂಪೆನಿಗೂ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿಗೂ ಇದ್ದ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಎಂಬುದು ಇತ್ಯರ್ಥವಾಗದೆ 2025ರ ಜುಲೈಯಲ್ಲಿ ಸೀಸನನ್ನೇ ತಡೆಹಿಡಿದರು. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವ ಲೀಗ್ ಶುರುವಾದದ್ದು 2026ರ ಫೆಬ್ರವರಿಯಲ್ಲಿ, ಅದೂ ಪಂದ್ಯಗಳ ಸಂಖ್ಯೆ ಕಡಿಮೆ ಮಾಡಿಕೊಂಡು. ಲೀಗ್ ಉಂಟೋ ಇಲ್ಲವೋ ಎಂದು ಗೊತ್ತಿಲ್ಲದೆ ಕ್ಲಬ್‌ಗಳು ತಿಂಗಳುಗಟ್ಟಲೆ ಕಾದವು. ಬ್ಲಾಸ್ಟರ್ಸ್‌ನ ನಾಯಕ ಲೂನಾ ಕೂಡ ಆ ಜನವರಿಯಲ್ಲಿ ಎರವಲಾಗಿ ಇಂಡೋನೇಷ್ಯಾದ ಕ್ಲಬ್ಬಿಗೆ ಹೋಗಬೇಕಾಯಿತು. ಅಭ್ಯಾಸಕ್ಕೆ ದಿನ ನಿಗದಿ ಇಲ್ಲದ ತಂಡದಿಂದ ಲಯದ ಆಟ ನಿರೀಕ್ಷಿಸುವುದು ನ್ಯಾಯವಲ್ಲ.

ಈ ಗೊಂದಲದ ಫಲ ದೇಶದ ತಂಡದ ಮೇಲೂ ಬಿದ್ದಿತು. 2023ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವದಲ್ಲೇ ಕುವೈತನ್ನು ಸೋಲಿಸಿ ಸ್ಯಾಫ್ ಕಪ್ ಎತ್ತಿದ್ದ ಭಾರತ, 2025ರ ಅಕ್ಟೋಬರಿನಲ್ಲಿ ಗೋವಾದಲ್ಲಿ ಸಿಂಗಾಪುರದ ಎದುರು ಸೋತು 2027ರ ಏಷ್ಯನ್ ಕಪ್ಪಿನ ಅರ್ಹತೆ ಕಳೆದುಕೊಂಡಿತು. ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತಿತು. ಬಾಂಗ್ಲಾಕ್ಕೆ ಭಾರತ ಅದಕ್ಕೆ ಮೊದಲು ಸೋತದ್ದು 2003ರಲ್ಲಿ. ಕ್ಲಬ್ಬಿನ ಕಷ್ಟ ಮತ್ತು ದೇಶದ ಕಷ್ಟ ಒಂದೇ ಬೇರಿನ ಎರಡು ಕೊಂಬೆಗಳು. ನಾಳೆಯ ಬಗ್ಗೆ ಯೋಚಿಸದೆ ಇವತ್ತಿನ ಪಂದ್ಯ ಮಾತ್ರ ನೋಡುವುದು ಆ ಬೇರು.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಅಭಿಪ್ರಾಯದಲ್ಲಿ ಮೂರು ಕೆಲಸ. ಮೊದಲನೆಯದು, ಯಾರನ್ನೇ ಕೋಚ್ ಮಾಡಿದರೂ ಕನಿಷ್ಠ ಎರಡು ಪೂರ್ಣ ಸೀಸನ್ ಅವರಿಗೇ ಬಿಡಬೇಕು. ಸೋತ ಮೂರು ಪಂದ್ಯ ನೋಡಿ ಟಿಕೆಟ್ ಬುಕ್ ಮಾಡಬಾರದು. ಎರಡನೆಯದು, ಹಿಂದಿನ ಸಾಲು ಮತ್ತು ಗೋಲ್‌ಕೀಪರ್ ಜಾಗಕ್ಕೆ ಅನುಭವಸ್ಥರನ್ನು ತಂದು, ಅವರ ನೆರಳಲ್ಲಿ ಎಳೆಯರನ್ನು ಬೆಳೆಸಬೇಕು. ಮುಂದಿನ ಸಾಲಿನ ಹೊಳೆಯುವ ಹೆಸರುಗಳಿಗೆ ಆಮೇಲೆ ದುಡ್ಡು ಹಾಕಿದರೂ ನಡೆಯುತ್ತದೆ. ಮೂರನೆಯದು ನಮಗೆ ಹತ್ತಿರದ್ದು. ಕೇರಳ ಎಂಬ ಹೆಸರು ಹೊತ್ತ ತಂಡ ಕೊಚ್ಚಿಯಿಂದ ಉತ್ತರಕ್ಕೂ ನೋಡಬೇಕು. ತೃಕ್ಕರಿಪುರ ಒಬ್ಬ ರಾಫಿಯನ್ನು ಕೊಟ್ಟಿದೆ. ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಶಾಲಾ ಮೈದಾನಗಳಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳನ್ನು ನೋಡಲು ವರ್ಷಕ್ಕೊಮ್ಮೆಯಾದರೂ ಯಾರಾದರೂ ಬರಲಿ. ಕನ್ನಡ ಮಾಧ್ಯಮದ ಹುಡುಗನಾದರೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ನಾಲ್ಕು ಮಾತು ಹೇಳುವವರನ್ನು ಜೊತೆಗೆ ಕರೆತರಲಿ. ಕಾಲಿನ ಚಳಕಕ್ಕೆ ಭಾಷೆ ಬೇಡ, ಕಲಿಸುವುದಕ್ಕೆ ಬೇಕು.

ಹೆತ್ತವರಿಗೂ ಒಂದು ಮಾತು. ತಂಡ ಸೋತ ರಾತ್ರಿ ಮಗ ಮುಖ ಊದಿಸಿಕೊಂಡು ಕೂತರೆ "ನಿನಗೆ ಬೇರೆ ಕೆಲಸ ಇಲ್ಲವಾ" ಎಂದು ಗದರಬೇಡಿ. ಹತ್ತಿರ ಕೂತು ಎಂತ ಆಯಿತು ಎಂದು ಕೇಳಿ. ಸೋತವರ ಜೊತೆ ನಿಲ್ಲುವುದನ್ನು ಅವನು ಕಲಿಯುತ್ತಿದ್ದಾನೆ. ಗೆದ್ದ ತಂಡಕ್ಕೆ ಚಪ್ಪಾಳೆ ಹೊಡೆಯಲು ಯಾರಿಗೂ ಯಾರೂ ಕಲಿಸಬೇಕಾಗಿಲ್ಲ. ಮರುದಿನ ಸಂಜೆ ಅವನನ್ನು ಮೈದಾನಕ್ಕೆ ಆಡಲು ಕಳಿಸಿ. ಟೀವಿಯ ಎದುರು ಕೂತು ಚಿಂತೆ ಮಾಡುವ ಹತ್ತು ಮಂದಿಯಲ್ಲಿ ಇಬ್ಬರು ಮೈದಾನಕ್ಕೆ ಇಳಿದರೂ ಈ ಜಿಲ್ಲೆಯ ಫುಟ್ಬಾಲಿಗೆ ಅದು ಲಾಭವೇ.

ಕ್ಲಬ್ಬಿನವರಿಗೆ ಹೇಳುವುದು ಇಷ್ಟೆ. ಕಪ್ ತನ್ನಿ ಎಂದು ಯಾರೂ ನಿಮ್ಮ ಕೊರಳಪಟ್ಟಿ ಹಿಡಿದಿಲ್ಲ. 11 ಸೀಸನ್ ಕಪ್ ಇಲ್ಲದೆಯೂ ಈ ಜನ ನಿಮ್ಮ ಜೊತೆ ಇದ್ದರು. ಒಮ್ಮೆ ಶುರು ಮಾಡಿದ ಕೆಲಸವನ್ನು ಅರ್ಧದಲ್ಲಿ ಬಿಡದೆ ಮುಗಿಸಿ ತೋರಿಸಿ ಎಂದಷ್ಟೇ ಅವರು ಕೇಳುವುದು. ಅಷ್ಟನ್ನೂ ಮಾಡದಿದ್ದರೆ ಒಂದು ದಿನ ಮಂಜೇಶ್ವರದ ಹುಡುಗ "ನಮ್ಮ ಟೀಮಿಗೆ ಎಂತ ಆಗಿದೆ" ಎಂದು ಕೇಳುವುದನ್ನೇ ಬಿಟ್ಟಾನು. ಸೋಲಿಗಿಂತ ನೀವು ಹೆದರಬೇಕಾದದ್ದು ಆ ದಿನಕ್ಕೆ.